ಹವಳದ ತೊಟ್ಟಿಗೆ ನೀರು: ಒಂದು ಕೊಡ ಶುದ್ಧಕ್ಕೆ ಎಷ್ಟು ಕೊಡ ಚರಂಡಿಗೆ?

ಮನೆಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ, ಸೀಗಡಿ ಸಾಕುವ ಅಕ್ವೇರಿಯಂ ಅಂದರೆ ಹವಳದ ತೊಟ್ಟಿ. ಅದಕ್ಕೆ ಬೇಕಾದ ಉಪ್ಪು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಕೊರಿಯರ್ ಹಾಕಿಸಿಕೊಂಡರೆ ಆಯಿತು. ಅದನ್ನು ಕರಗಿಸುವ ನೀರನ್ನು ಮಾತ್ರ ಬಳ್ಳಾರಿ, ರಾಯಚೂರು, ಕೊಪ್ಪಳದವರು ಮನೆಯಲ್ಲೇ ತಯಾರಿಸಿಕೊಳ್ಳಬೇಕು. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಮೀಟರ್ ಅದ್ದಿದರೆ ಸೊನ್ನೆ ತೋರಿಸುವ ನೀರು ಅದು. ಅದಕ್ಕಾಗಿ ಎಷ್ಟು ನೀರು ಚರಂಡಿ ಪಾಲಾಗುತ್ತದೆ ಎಂಬುದು, ನಲ್ಲಿ ದಿನಬಿಟ್ಟು ದಿನ ಬರುವ ಓಣಿಗಳಲ್ಲಿ ಕೇಳಲೇಬೇಕಾದ ಪ್ರಶ್ನೆ.

ಮೊದಲು ಲೆಕ್ಕ. 200 ಲೀಟರಿನ ತೊಟ್ಟಿ ಇದೆ ಎಂದುಕೊಳ್ಳಿ. ಬೇಸಿಗೆಯಲ್ಲಿ ಫ್ಯಾನ್ ಹಚ್ಚಿ ತಂಪು ಮಾಡಿದರೆ ದಿನಕ್ಕೆ 4 ಲೀಟರ್ ಆವಿಯಾಗುವುದು ಸಹಜ. ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನನಿತ್ಯ ತುಂಬಿಕೊಡಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು, ತಿಂಗಳಿಗೆ 120 ಲೀಟರ್. ವಾರಕ್ಕೊಮ್ಮೆ 20 ಲೀಟರ್ ಉಪ್ಪುನೀರು ಬದಲಿಸಲು ಇನ್ನೊಂದು 80. ಒಟ್ಟು 200 ಲೀಟರ್.

ಆ 120 ಲೀಟರಿಗೆ ಬೋರ್ ನೀರನ್ನೇ ಸುರಿದರೆ? ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡ. ಸರಿಯಾಗಿ ಆ ಮಿತಿಯಲ್ಲಿರುವ ನೀರಾದರೂ ತಿಂಗಳಲ್ಲಿ 5.4 ಗ್ರಾಂ ನೈಟ್ರೇಟ್ ಒಳಗೆ ಹೋಗಿ, ತೊಟ್ಟಿಯ ಮಟ್ಟ ಲೀಟರಿಗೆ 27 ಮಿಲಿಗ್ರಾಂ ಏರುತ್ತದೆ. ಹವಳಕ್ಕೆ 5ರಿಂದ 10 ಇದ್ದರೆ ಸಾಕು. ಕ್ಷಾರತೆಯ ಕಥೆ ಇನ್ನೂ ಕೆಟ್ಟದ್ದು. ಲೀಟರಿಗೆ 400 ಮಿಲಿಗ್ರಾಂ ಕ್ಷಾರತೆಯ ಗಡಸು ನೀರೆಂದರೆ ತೊಟ್ಟಿ ಸಾಕುವವರು ಕ್ಷಾರತೆ ಅಳೆಯುವ ಮಾನದಲ್ಲಿ ಸುಮಾರು 22 ಡಿಕೆಹೆಚ್. ಅದು ಒಂದೇ ತಿಂಗಳಲ್ಲಿ ತೊಟ್ಟಿಗೆ 13 ಡಿಕೆಹೆಚ್ ಸೇರಿಸಬಲ್ಲದು, ತೊಟ್ಟಿಯಲ್ಲಿ ಇರಬೇಕಾದದ್ದೇ 8-9. ಪಂಪು, ಹೀಟರಿನ ಮೇಲೆ ಬಿಳಿ ಪದರು ಕಟ್ಟುವುದು ಇದರಿಂದಲೇ. ‘ನಾವು ಇದನ್ನೇ ಕುಡಿದು ಬೆಳೆದಿದ್ದೇವೆ’ ಎಂಬ ವಾದ ಹವಳದ ಮುಂದೆ ನಡೆಯುವುದಿಲ್ಲ. ನಮ್ಮ ಕಡೆಯ ಹಳೆಯ ಶಾಪವಾದ ಫ್ಲೋರೈಡಿಗೆ ಮಾತ್ರ ಇಲ್ಲಿ ಅಷ್ಟು ಹೆದರಬೇಕಿಲ್ಲ. ಸಮುದ್ರದ ನೀರಿನಲ್ಲೇ ಅದು ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಇರುತ್ತದೆ.

ಯಾವ ವಿಧಾನ?

ಬಟ್ಟಿ ಇಳಿಸಿದರೆ ನೀರು ಚೊಕ್ಕವೇ. ಆದರೆ ಒಂದು ಲೀಟರಿಗೆ ಸುಮಾರು 0.7 ಯೂನಿಟ್ ಕರೆಂಟು, ತಿಂಗಳಿಗೆ 140 ಯೂನಿಟ್ ಆಯಿತು. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಮುಟ್ಟಬೇಡಿ, ಅದು ತಾಮ್ರದ ಕೊಳವೆ ಸವರಿಕೊಂಡು ಬಂದಿರುತ್ತದೆ. ಸೀಗಡಿ, ಶಂಖದಹುಳು, ಹವಳ ಸಾಯಲು ತಾಮ್ರ ಚೂರೇ ಚೂರು ಸಾಕು. ಮಳೆನೀರು ಕೇಳಲು ಚೆಂದ. ಸಂಡೂರು–ಬಳ್ಳಾರಿ ಕಡೆ ಗಣಿಯ ಕೆಂದೂಳು, ಶಕ್ತಿನಗರ–ಕುಡತಿನಿ ಕಡೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ತಗಡಿನ ಮಾಳಿಗೆಯಾದರೆ ಸತು. ಮೊದಲ ಒಂದೆರಡು ಮಳೆ ಬಿಟ್ಟು, ಆರ್‌ಸಿಸಿ ಮಾಳಿಗೆಯಿಂದ ಹಿಡಿದು ಕಾರ್ಬನ್ ಮತ್ತು ಲವಣ ಹಿಡಿಯುವ ರೆಸಿನ್ ದಾಟಿಸಿದರೆ ಬಳಸಬಹುದು, ಆದರೆ ನೀರು ಹೆಚ್ಚು ಬೇಕಾಗುವ ಏಪ್ರಿಲ್‌ನಲ್ಲಿ ಮಳೆ ಎಲ್ಲಿದೆ? ನೀರಿನ ಗಡಸು ತೆಗೆಯುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಟಿಡಿಎಸ್ ಇಳಿಯುವುದೇ ಇಲ್ಲ.

ಉಳಿದದ್ದು ಎರಡು: ಆರ್‌ಒ ಮತ್ತು ಡಿಐ ರೆಸಿನ್. ಆರ್‌ಒ ನೀರನ್ನು ಸೂಕ್ಷ್ಮ ಪೊರೆಯ (ಮೆಂಬ್ರೇನ್) ಮೂಲಕ ಒತ್ತಿ, ಲವಣವನ್ನು ಒಂದಷ್ಟು ನೀರಿನೊಂದಿಗೆ ಹೊರಗೆ ಬಿಡುತ್ತದೆ. ಡಿಐ ಅಂದರೆ ಉಳಿದ ಲವಣವನ್ನು ಹಿಡಿದಿಟ್ಟುಕೊಳ್ಳುವ ರೆಸಿನ್ ಮಣಿಗಳು. ಡಿಐ ಒಂದು ಹನಿಯನ್ನೂ ಪೋಲು ಮಾಡುವುದಿಲ್ಲ. ಆದರೆ ಒಂದು ಲೀಟರ್ ಮಿಕ್ಸೆಡ್ ಬೆಡ್ (ಎರಡು ಬಗೆ ಬೆರೆಸಿದ) ರೆಸಿನ್ ಹಿಡಿಯುವುದು ಹೆಚ್ಚೆಂದರೆ 20–25 ಗ್ರಾಂ ಲವಣ. 1000 ಟಿಡಿಎಸ್ ಬೋರ್ ನೀರನ್ನು ನೇರ ಬಿಟ್ಟರೆ 20–25 ಲೀಟರಿಗೇ ರೆಸಿನ್ ಮುಗಿದುಹೋಗುತ್ತದೆ. ಅದೇ ನೀರನ್ನು ಮೊದಲು ಆರ್‌ಒದಲ್ಲಿ 40ಕ್ಕೆ ಇಳಿಸಿದರೆ 500 ಲೀಟರ್ ಬರುತ್ತದೆ. ಆದ್ದರಿಂದ ಎರಡೂ ಒಟ್ಟಿಗೆ ಬೇಕು.

ಮೀಟರ್ ಹಿಡಿದು ಮನೆಯ ನೀರು ನೋಡಿ. ತುಂಗಭದ್ರಾ ಕಾಲುವೆಯ ನೀರು ಬರುವ ನಲ್ಲಿಯಲ್ಲಿ 200–400 ತೋರಿಸಿದರೆ ಮನೆಯಲ್ಲೇ ಆರ್‌ಒ ಇಡುವುದು ಸರಿ. ಕಾಲುವೆ ಬಂದ್ ಆದಾಗ ಟ್ಯಾಂಕರ್ ಅಥವಾ ಬೋರ್ ನೀರು ಬೆರೆಯುತ್ತದೆ, ಅಳತೆ ರಾತ್ರೋರಾತ್ರಿ ಬದಲಾಗುತ್ತದೆ, ಆಗ ಮತ್ತೆ ನೋಡಿ. 1200 ದಾಟಿದ ಬೋರ್ ನೀರು ಮಾತ್ರ ಇದ್ದರೆ, ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿ ತಂದು, ಮನೆಯಲ್ಲಿ ಕಾರ್ಬನ್ ಮತ್ತು ಡಿಐ ಮಾತ್ರ ಇಟ್ಟುಕೊಳ್ಳುವುದು ನನ್ನ ಲೆಕ್ಕದಲ್ಲಿ ಜಾಣತನ. ಪೋಲು ಅಲ್ಲಿಯೂ ತಪ್ಪುವುದಿಲ್ಲ, ಘಟಕದ ಹಿಂಬದಿಯ ಪೈಪಿನಲ್ಲಿ ಹರಿದು ಹೋಗುತ್ತಿರುತ್ತದೆ ಅಷ್ಟೇ. ಕ್ಯಾನ್ ನೀರನ್ನು ಪ್ರತಿ ಸಲ ಅಳೆಯಿರಿ. 30 ಇದ್ದದ್ದು 150 ಆಗಿದ್ದರೆ ಘಟಕದ ಮೆಂಬ್ರೇನ್ ಕೆಟ್ಟಿದೆ, ಅಥವಾ ರುಚಿಗೆಂದು ಹಸಿನೀರು ಬೆರೆಸುತ್ತಿದ್ದಾರೆ.

ಜೋಡಣೆ

ಆರ್‌ಒ ರಿಪೇರಿ ಅಂಗಡಿಯಲ್ಲಿ ಬಹುತೇಕ ಎಲ್ಲ ಸಿಗುತ್ತದೆ. ಕೆಸರು ಹಿಡಿಯುವ 5 ಮೈಕ್ರಾನ್ ಸ್ಪನ್ ಫಿಲ್ಟರ್, ಕಾರ್ಬನ್ ಬ್ಲಾಕ್, 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್, ಬೂಸ್ಟರ್ ಪಂಪ್, ಪೋಲು ನೀರಿನ ಹರಿವನ್ನು ಮಿತಿಯಲ್ಲಿಡುವ ಫ್ಲೋ ರಿಸ್ಟ್ರಿಕ್ಟರ್ ಅಂದರೆ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಎಫ್‌ಆರ್’, ಒಂದು ಪ್ರೆಶರ್ ಗೇಜ್, ಕಾಲಿಂಚಿನ ಪೈಪು. ಹತ್ತಿಂಚಿನ ಎರಡು ಡಿಐ ಕ್ಯಾನಿಸ್ಟರ್ ಮತ್ತು ಮುಗಿದಾಗ ಬಣ್ಣ ಬದಲಿಸುವ ರೆಸಿನನ್ನು ಹೊರಗಿನಿಂದ ತರಿಸಬೇಕು. ಕ್ರಮ ಹೀಗೆ: ಸ್ಪನ್, ಕಾರ್ಬನ್, ಪಂಪ್, ಮೆಂಬ್ರೇನ್, ಡಿಐ ಒಂದು, ಡಿಐ ಎರಡು. ಕಾರ್ಬನ್ ಬಿಟ್ಟರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ.

ಮನೆಯಲ್ಲಿ ಈಗಾಗಲೇ ಇರುವ ಕುಡಿಯುವ ನೀರಿನ ಆರ್‌ಒದಿಂದಲೇ ನೀರು ಹಿಡಿಯುವವರು ಒಂದು ವಿಷಯ ಗಮನಿಸಿ. ಮೆಂಬ್ರೇನ್ ದಾಟಿದ ಮೇಲೆ ಅದರಲ್ಲಿ ಟಿಡಿಎಸ್ ಕಂಟ್ರೋಲ್ ವಾಲ್ವ್ ಹಸಿನೀರನ್ನು ವಾಪಸ್ ಬೆರೆಸುತ್ತದೆ, ಮಿನರಲ್ ಕಾರ್ಟ್ರಿಜ್ ಖನಿಜ ಸೇರಿಸುತ್ತದೆ, ಈಚಿನ ಮಾಡೆಲ್‌ಗಳಲ್ಲಿ ತಾಮ್ರದ ಕಾರ್ಟ್ರಿಜ್ಜೂ ಇರುತ್ತದೆ. ನಮ್ಮ ಆರೋಗ್ಯಕ್ಕೆಂದು ಹಾಕಿದ ಆ ತಾಮ್ರ ತೊಟ್ಟಿಯ ಸೀಗಡಿಗಳನ್ನೆಲ್ಲ ಮುಗಿಸುತ್ತದೆ. ಮೆಂಬ್ರೇನ್ ಹೌಸಿಂಗ್‌ನಿಂದ ಹೊರಬರುವ ಪೈಪಿಗೇ ಟೀ (ಮೂರು ಬಾಯಿಯ ಜೋಡಣೆ) ಹಾಕಿ ನೀರು ತೆಗೆಯಿರಿ. ಅಲ್ಲಿಂದ ಮುಂದೆ ಹಿತ್ತಾಳೆ ನಲ್ಲಿ, ಜಿಐ ಫಿಟ್ಟಿಂಗ್ ಯಾವುದೂ ಬೇಡ.

ಪೋಲು ಎಷ್ಟಿರಬೇಕು?

ಇಲ್ಲೇ ಹೆಚ್ಚಿನವರು ಎಡವುವುದು. 75 ಜಿಪಿಡಿ ಮೆಂಬ್ರೇನ್ 25 ಡಿಗ್ರಿಯಲ್ಲಿ, ಸರಿಯಾದ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಕೊಡುತ್ತದೆ. ಎಫ್‌ಆರ್ ಮೇಲೆ 450 ಎಂದಿದ್ದರೆ ರಿಜೆಕ್ಟ್ (ಪೋಲು ನೀರಿನ) ಪೈಪಿನಿಂದ ನಿಮಿಷಕ್ಕೆ 450 ಮಿಲಿಲೀಟರ್ ಹೋಗುತ್ತದೆ, ಅಂದರೆ ಒಂದಕ್ಕೆ ಎರಡೂಕಾಲು. 800 ಇದ್ದರೆ ಒಂದಕ್ಕೆ ನಾಲ್ಕು. ಅಳತೆಯ ಜಾರು ಎರಡು, ಮೊಬೈಲಿನ ಟೈಮರ್ ಒಂದು ಇದ್ದರೆ ಎರಡು ನಿಮಿಷದಲ್ಲಿ ನಿಮ್ಮ ಅನುಪಾತ ಗೊತ್ತಾಗುತ್ತದೆ.

ನೀರು ಉಳಿಸಲೆಂದು ಒಂದಕ್ಕೆ ಒಂದು ಮಾಡಿದರೆ, 1000 ಟಿಡಿಎಸ್‌ನ ನೀರು ಮೆಂಬ್ರೇನಿನ ಕೊನೆಯಲ್ಲಿ 2000ದ ಹತ್ತಿರ ಹೋಗುತ್ತದೆ. ಒಂದಕ್ಕೆ ಮೂರರಲ್ಲಿ 1300 ಚಿಲ್ಲರೆ. ಗಡಸು ನೀರು ಹೀಗೆ ದಪ್ಪವಾದಾಗ ಸುಣ್ಣ ಮೆಂಬ್ರೇನ್ ಮೇಲೇ ಕೂರುತ್ತದೆ. ಉತ್ಪಾದನೆ ಇಳಿಯುತ್ತದೆ, ಟಿಡಿಎಸ್ ಏರುತ್ತದೆ; ಎರಡೂ ಒಟ್ಟಿಗೆ ಕಂಡರೆ ಸುಣ್ಣ ಕಟ್ಟಿದೆ ಎಂದೇ ತಿಳಿಯಿರಿ. ಉಳಿಸಿದ ನೀರಿಗಿಂತ ಹೆಚ್ಚಿನ ದುಡ್ಡು ಮೆಂಬ್ರೇನಿಗೂ ರೆಸಿನ್‌ಗೂ ಹೋಗುತ್ತದೆ. ಮೆದು ಕಾಲುವೆ ನೀರಿಗೆ ಒಂದಕ್ಕೆ ಎರಡು ನಡೆಯುತ್ತದೆ. ಬೋರ್ ನೀರಿಗೆ ಒಂದಕ್ಕೆ ಮೂರಕ್ಕಿಂತ ಕೆಳಗೆ ಇಳಿಯಬೇಡಿ.

ಬೇಸಿಗೆಯದೊಂದು ಗುಟ್ಟಿದೆ. ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಮೆಂಬ್ರೇನ್ ಹರಿವು ಸುಮಾರು ಶೇ 3ರಷ್ಟು ಹೆಚ್ಚುತ್ತದೆ. 35 ಡಿಗ್ರಿ ನೀರಿನಲ್ಲಿ 200 ಇದ್ದದ್ದು 260 ಆಗುತ್ತದೆ, ಆದರೆ ಎಫ್‌ಆರ್ ಹೆಚ್ಚುಕಡಿಮೆ ಅಷ್ಟನ್ನೇ ಬಿಡುತ್ತದೆ. ಚಳಿಗಾಲದಲ್ಲಿ ಒಂದಕ್ಕೆ ಮೂರು ಎಂದು ಹೊಂದಿಸಿದ್ದು ಏಪ್ರಿಲ್‌ನಲ್ಲಿ ಯಾರಿಗೂ ಹೇಳದೆ ಒಂದಕ್ಕೆ 2.3 ಆಗಿರುತ್ತದೆ. ಜತೆಗೆ ಬಿಸಿನೀರಿನಲ್ಲಿ ಲವಣವೂ ಹೆಚ್ಚು ನುಸುಳುತ್ತದೆ. ಸಾಮಾನ್ಯ ಮೆಂಬ್ರೇನ್ ತಡೆಯುವುದು 45 ಡಿಗ್ರಿವರೆಗೆ. ರಾಯಚೂರಿನ ಮಧ್ಯಾಹ್ನ ಮಾಳಿಗೆಯ ಕಪ್ಪು ಟ್ಯಾಂಕಿನ ಪೈಪಿಗೆ ಕೈ ಇಟ್ಟು ನೋಡಿದರೆ ಇದರ ಅರ್ಥ ಆಗುತ್ತದೆ. ನಸುಕಿನಲ್ಲಿ ಓಡಿಸಿ, ಅಥವಾ ಸಂಪಿನಿಂದ ನೀರು ಕೊಡಿ.

ಓಡಿಸುವಾಗ

ನಿಂತ ಯಂತ್ರ ಶುರುವಾದ ಕೂಡಲೇ ಬರುವ ನೀರಿನ ಟಿಡಿಎಸ್ ಜಾಸ್ತಿ, ಏಕೆಂದರೆ ಸುಮ್ಮನಿದ್ದಾಗ ಲವಣ ಮೆಂಬ್ರೇನ್ ದಾಟಿ ಈಚೆ ಬಂದಿರುತ್ತದೆ. ಡಿಐಗೆ ಮುಂಚೆ ಒಂದು ಟೀ ಮತ್ತು ಬಾಲ್ ವಾಲ್ವ್ ಹಾಕಿ, ಮೊದಲ ಐದು ನಿಮಿಷದ ನೀರನ್ನು ಬಕೆಟ್ಟಿಗೆ ಬಿಡಿ, ಆಮೇಲೆ ರೆಸಿನ್ ಕಡೆ ತಿರುಗಿಸಿ. ದಿನಾ ಎರಡೆರಡು ಲೀಟರ್ ಮಾಡುವವರು ರೆಸಿನ್ ಕೊಲ್ಲುತ್ತಾರೆ. ವಾರಕ್ಕೊಮ್ಮೆ 50 ಲೀಟರ್ ಒಟ್ಟಿಗೆ ಮಾಡಿ, ಮುಚ್ಚಳವಿರುವ ಫುಡ್ ಗ್ರೇಡ್ ಡ್ರಮ್ಮಿನಲ್ಲಿಡಿ. ಗೇಜ್ 60 ಪಿಎಸ್‌ಐ ಆಸುಪಾಸು ಇರಲಿ. 40ಕ್ಕೆ ಬಿದ್ದರೆ ಸ್ಪನ್ ಫಿಲ್ಟರ್ ಕಟ್ಟಿದೆಯೇ ನೋಡಿ. ಜುಲೈ–ಆಗಸ್ಟ್‌ನ ಹೊಸನೀರಿನ ಕೆಸರಿಗೆ ಅದು ಎರಡೇ ವಾರಕ್ಕೆ ಕಂದಾಗುವುದುಂಟು.

ಮೆಂಬ್ರೇನ್ ಒಳಗೆ 1000, ಹೊರಗೆ 40 ಇದ್ದರೆ ಶೇ 96 ತಡೆ, ಚೆನ್ನಾಗಿದೆ. ಶೇ 90ಕ್ಕಿಂತ ಕೆಳಗಿಳಿದರೆ ಬದಲಿಸಿ. ರೆಸಿನನ್ನು ಕ್ಯಾನಿಸ್ಟರಿನಲ್ಲಿ ತಟ್ಟಿ ತಟ್ಟಿ ಗಟ್ಟಿಯಾಗಿ ತುಂಬಿ, ನಿಲ್ಲಿಸಿಯೇ ಇಡಿ. ಸಡಿಲವಿದ್ದರೆ ನೀರು ಸುಲಭದ ದಾರಿ ಹುಡುಕಿಕೊಂಡು ರೆಸಿನ್ ಮುಟ್ಟದೇ ಹೋಗುತ್ತದೆ. ಮೊದಲನೆಯದು ಮುಗಿದಾಗ ಎರಡನೆಯದನ್ನು ಮುಂದೆ ತಂದು ಹಿಂದೆ ಹೊಸದು ಹಾಕಿ. ಕೊನೆಯಲ್ಲಿ, ಅಂದರೆ ಎರಡನೆಯ ಡಿಐ ದಾಟಿದ ನೀರಿನಲ್ಲಿ, ಮೀಟರ್ 1 ತೋರಿಸಿದ ದಿನವೇ ಬದಲಾಯಿಸಿ. ಮೀಟರಿಗೆ ಕಾಣದ ಸಿಲಿಕಾ (ಮರಳಿನಲ್ಲಿರುವ ಖನಿಜ) ಎಲ್ಲಕ್ಕಿಂತ ಮೊದಲೇ ಜಾರಿ ಹೋಗಿರುತ್ತದೆ. ಮರಳು, ಗಾಜಿನ ಮೇಲೆ ಕಂದು ಹುಡಿ ಬಿದ್ದರೆ ಅನುಮಾನ ಅದರ ಮೇಲಿರಲಿ.

ಬೋರ್ ನೀರಿನಲ್ಲಿ ಆರ್‌ಒ ಬಳಿಕ 20 ತೋರಿಸಿದರೂ ರೆಸಿನ್ ಬೇಗ ಮುಗಿಯುತ್ತಿದ್ದರೆ ಕಾರಣ ಇಂಗಾಲದ ಡೈಆಕ್ಸೈಡ್. ಅದು ಮೆಂಬ್ರೇನ್ ದಾಟುತ್ತದೆ, ಮೀಟರಿಗೆ ಅಷ್ಟಾಗಿ ಕಾಣುವುದಿಲ್ಲ, ರೆಸಿನ್ ಮಾತ್ರ ತಿನ್ನುತ್ತದೆ. ಆರ್‌ಒ ನೀರನ್ನು ಡ್ರಮ್ಮಿನಲ್ಲಿ ಹಿಡಿದು ರಾತ್ರಿಯಿಡೀ ಏರ್ ಸ್ಟೋನ್ ಬಿಟ್ಟು, ಬೆಳಗ್ಗೆ ಸಣ್ಣ ಪಂಪಿನಿಂದ ಡಿಐ ದಾಟಿಸಿ.

ರಿಜೆಕ್ಟ್ ನೀರು

200 ಲೀಟರ್ ಶುದ್ಧ ನೀರಿಗೆ 600 ಲೀಟರ್, ದಿನಕ್ಕೆ 20. ನೆಲ ಒರೆಸಲು, ಶೌಚಕ್ಕೆ ಸಲೀಸಾಗಿ ಮುಗಿಯುತ್ತದೆ. ಕೂಲರಿಗೆ ಹಾಕಬೇಡಿ, ಪ್ಯಾಡ್ ಕಲ್ಲಾಗುತ್ತದೆ. ಫ್ಲೋರೈಡ್, ನೈಟ್ರೇಟ್ ದಪ್ಪವಾಗಿರುವುದರಿಂದ ದನಕರು, ನಾಯಿಗೆ ಕುಡಿಸಬೇಡಿ. ಕಾಲುವೆ ನೀರಿನದಾದರೆ ಟಿಡಿಎಸ್ ಅಷ್ಟು ಏರಿರುವುದಿಲ್ಲ, ಗಿಡಕ್ಕೆ ಹಾಕಬಹುದು. ಇನ್ನೊಂದು ದಾರಿ, ಕುಡಿಯಲು ಬಳಸದ ಸಂಪು ಇದ್ದರೆ ಅದಕ್ಕೇ ವಾಪಸ್ ಬಿಡುವುದು. ದಿನಕ್ಕೆ 500 ಲೀಟರ್ ಖರ್ಚಾಗುವ ಮನೆಯಲ್ಲಿ 1000 ಇದ್ದ ಟಿಡಿಎಸ್ ಸುಮಾರು 1013 ಆಗುತ್ತದೆ, ಅಷ್ಟೇ. ಆರ್‌ಒಗೆಂದೇ ಇಟ್ಟ ಸಣ್ಣ ಟ್ಯಾಂಕಿಗೆ ಮಾತ್ರ ಬಿಡಬೇಡಿ, ಅದು ಸುತ್ತಿ ಸುತ್ತಿ ಏರುತ್ತಲೇ ಹೋಗುತ್ತದೆ.

ತೊಟ್ಟಿಯಿಂದ ವಾರಕ್ಕೊಮ್ಮೆ ತೆಗೆಯುವ 20 ಲೀಟರ್ ಉಪ್ಪುನೀರು ಬೇರೆಯದೇ ವಿಚಾರ. ಅದರಲ್ಲಿ 700 ಗ್ರಾಂ ಉಪ್ಪಿರುತ್ತದೆ, ತಿಂಗಳಿಗೆ ಮೂರು ಕಿಲೋ ಹತ್ತಿರ. ಹಿತ್ತಲಿನ ಎರೆಮಣ್ಣಿಗೆ ಸುರಿದರೆ ಸೋಡಿಯಂ ಮಣ್ಣನ್ನು ಬಿಗಿ ಮಾಡಿ ನೀರು ಇಂಗದಂತೆ ಮಾಡುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ರೈತರಿಗೆ ಚೌಳು ಭೂಮಿ ಎಂದರೇನೆಂದು ಹೇಳಿಕೊಡಬೇಕಿಲ್ಲ. ಒಳಚರಂಡಿ ಇರುವ ಮನೆಯಾದರೆ ಟಾಯ್ಲೆಟ್ಟಿಗೆ ಸುರಿದು, ಹಿಂದೆಯೇ ಆ ದಿನದ ರಿಜೆಕ್ಟ್ ನೀರಿನ ಬಕೆಟ್ ಬಿಡಿ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಒಂದೇ ಸಲ ಬೇಡ, ಐದೈದು ಲೀಟರಿನಂತೆ ನಾಲ್ಕು ದಿನ ಹಂಚಿ ಹಾಕಿ.