ಕೊನೇ ಸ್ಟ್ರಿಪ್ ಒಡೆದ ದಿನವೇ ಡೇಟ್ ತಗೊಳ್ಳಿ: ಮಾಜಿ ಸೈನಿಕರ ಮನೆಯವರಿಗೆ

ಬಿ.ಪಿ. ಮಾತ್ರೆ ಪೂರ್ತಿ ಖಾಲಿ ಆದಾಗಲೇ ನಮ್ಮ ಮಾಜಿ ಸೈನಿಕರಿಗೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ನೆನಪಾಗೋದು. ನೋಡಿದರೆ ಅವತ್ತು ಭಾನುವಾರ ಆಗಿರುತ್ತದೆ. ಇದಕ್ಕೆ ಸುಲಭದ ದಾರಿ ಇದೆ. ತಿಂಗಳ ಔಷಧಿ ತಂದ ದಿನವೇ ಕೊನೇ ಸ್ಟ್ರಿಪ್ ತೆಗೆದು, ಹಿಂದಿನ ಬೆಳ್ಳಿ ಹಾಳೆ ಮೇಲೆ ಬಾಲ್‌ಪೆನ್‌ನಲ್ಲಿ 'ಬುಕ್' ಅಂತ ಬರೆದು ಡಬ್ಬಿಯ ತಳದಲ್ಲಿ ಇಡಿ. ಅದನ್ನು ಒಡೆಯೋ ದಿನವೇ ಅಪಾಯಿಂಟ್‌ಮೆಂಟ್ ಮಾಡಬೇಕು. ಹತ್ತು ಮಾತ್ರೆಯ ಸ್ಟ್ರಿಪ್, ದಿನಕ್ಕೊಂದು ಅಂದರೆ ಹತ್ತು ದಿನ ಕೈಯಲ್ಲಿರುತ್ತದೆ. ದಿನಕ್ಕೆರಡು ನುಂಗುವವರಿಗೆ ಐದೇ ದಿನ, ಅವರು ಕೊನೇ ಎರಡು ಸ್ಟ್ರಿಪ್ ಮೇಲೂ ಬರೆಯಲಿ.

ಬುಕಿಂಗ್ ಆನ್‌ಲೈನ್‌ನಲ್ಲೂ ಆಗುತ್ತದೆ. ಫೋನ್ ಕೈಗೆ ಹತ್ತದ ಅಪ್ಪಂದಿರಿಗೆ ಮಕ್ಕಳು ಮಾಡಿಕೊಡಿ, ಅದರಲ್ಲೇನಿದೆ? ಸ್ಪೆಷಲಿಸ್ಟ್ ಬೇಕಿದ್ದರೆ ಯಾವ ದಿನ ಬರುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಜಾಸ್ತಿ ಜನ ಎಡವೋದು ರೆಫರಲ್ (ಬೇರೆ ಆಸ್ಪತ್ರೆಗೆ ಕಳಿಸೋ ಚೀಟಿ) ವಿಷಯದಲ್ಲಿ. ಖಾಸಗಿ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್‌ಗೆ ಡೇಟ್ ತಗೊಂಡು, ಹಿಂದಿನ ದಿನ ಪಾಲಿಕ್ಲಿನಿಕ್‌ಗೆ ಓಡುತ್ತಾರೆ. ಉಲ್ಟಾ ಆಯ್ತಲ್ವಾ? 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್‌ನಲ್ಲಿ ಮಾಮೂಲಿ ಚಿಕಿತ್ಸೆಗೆ ಮೊದಲು ಪಾಲಿಕ್ಲಿನಿಕ್ ಡಾಕ್ಟರ್, ಅವರ ರೆಫರಲ್, ಆಮೇಲೆ ಯೋಜನೆಯ ಪಟ್ಟಿಯಲ್ಲಿರೋ ಆಸ್ಪತ್ರೆ. ರೆಫರಲ್‌ಗೂ ಗಡುವು ಇರುತ್ತದೆ, ಅದು ಮುಗಿಯೋದರೊಳಗಿನ ಡೇಟನ್ನೇ ಆಸ್ಪತ್ರೆಯಲ್ಲಿ ಕೇಳಿ. ತೀರಾ ವಯಸ್ಸಾದವರಿಗೆ ನೇರವಾಗಿ ಹೋಗೋ ವಿನಾಯಿತಿ ಇದೆ, ಆದರೆ ವಯಸ್ಸಿನ ಮಿತಿ ಬದಲಾಗುತ್ತಾ ಬಂದಿದೆ, ಕೌಂಟರ್‌ನಲ್ಲಿ ಕೇಳಿಕೊಂಡೇ ಹೊರಡಿ.

ಮಂಡ್ಯ, ಮದ್ದೂರು ಕಡೆಯಿಂದ ಮೈಸೂರಿಗೆ ಬರುವವರು ಶುಗರ್ ಟೆಸ್ಟ್ ಇದ್ದರೆ ಬೆಳಗಿನ ಮೊದಲ ಹೊತ್ತನ್ನೇ ಹಿಡಿಯಿರಿ. ಖಾಲಿ ಹೊಟ್ಟೆಯಲ್ಲಿ ಬಸ್ಸು, ಆಮೇಲೆ ಕ್ಯೂ, ವಯಸ್ಸಾದವರಿಗೆ ತಲೆ ಸುತ್ತುತ್ತದೆ. ಡಬ್ಬಿಯಲ್ಲಿ ಇಡ್ಲಿ ಇರಲಿ, ರಕ್ತ ಕೊಟ್ಟ ಮೇಲೆ ತಿನ್ನಲಿ. (ದಾರಿಯಲ್ಲಿ ಮದ್ದೂರು ವಡೆ ಕಂಡರೂ ಬಾಯಿಗೆ ಬೀಗ!) ಜಂಬೂಸವಾರಿಯ ಆಸುಪಾಸಿನ ದಿನಗಳಂತೂ ಬೇಡವೇ ಬೇಡ, ಅರ್ಧ ಊರಿನ ರಸ್ತೆ ಬಂದ್ ಆಗಿರುತ್ತದೆ. ಹೆಂಡತಿಗೂ ತೋರಿಸೋದಿದ್ದರೆ ಅವರ ಇಸಿಎಚ್‌ಎಸ್ ಕಾರ್ಡ್ ಬೇರೆ, ಮರೆಯದೆ ತನ್ನಿ. ಹಳೇ ಚೀಟಿ, ರಿಪೋರ್ಟ್ ಎಲ್ಲಾ ಒಂದೇ ಫೈಲ್‌ನಲ್ಲಿರಲಿ.

ಇದೆಲ್ಲಾ ಮಾಮೂಲಿ ತಪಾಸಣೆಗೆ. ಎದೆನೋವು, ಪಾರ್ಶ್ವವಾಯು ಅಂದಾಗ ಡೇಟೂ ಬೇಡ, ರೆಫರಲ್ಲೂ ಬೇಡ, ಸುಮ್ನೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅದು ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಆ ಫೋನ್ ಯಾರು ಮಾಡಬೇಕು ಅಂತ ಮನೆಯಲ್ಲಿ ಇವತ್ತೇ ಮಾತಾಡಿಕೊಳ್ಳಿ.