ಅಲ್ಪವಿರಾಮ ‘ಆದರೆ’ಗೆ ಮೊದಲೋ, ಆಮೇಲೋ?

ಕಚೇರಿಯ ಪತ್ರ, ಇಮೇಲ್‌ಗಳಲ್ಲಿ ಈಗೀಗ ‘ಆದರೆ,’ ‘ಆದ್ದರಿಂದ,’ ‘ಆದಾಗ್ಯೂ,’ ಎಂದು ವಾಕ್ಯ ಶುರುವಾಗುತ್ತಲೇ ಒಂದು ಅಲ್ಪವಿರಾಮ ಬಂದು ಕೂರುತ್ತದೆ. ಇಂಗ್ಲಿಷ್‌ನ ‘ಹೌಎವರ್’ ಕಲಿಸಿದ ರೂಢಿ ಇದು. ತಾಳೆಗರಿಯ ಕಾಲದಲ್ಲಿ ನಮಗೆ ಇದ್ದದ್ದು ಒಂದೋ ಎರಡೋ ಗೆರೆಯ ದಂಡ ಮಾತ್ರ. ಅಲ್ಪವಿರಾಮ ಬಂದದ್ದು ಮುದ್ರಣದ ಜೊತೆಗೆ. ಚಿಹ್ನೆ ಎರವಲಾದರೂ ಅದನ್ನು ಎಲ್ಲಿ ಇಡಬೇಕೆಂದು ಹೇಳಬೇಕಾದ್ದು ಕನ್ನಡದ ಉಸಿರೇ. ‘ಆದರೆ’ ಎಂದ ಮೇಲೆ ನಾವು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಅದಕ್ಕೆ ಮೊದಲು ನಿಲ್ಲುತ್ತೇವೆ.

ಮೊದಲು, ಹಿಂದಿನ ಮಾತು ಮುಗಿದಿದೆಯೇ ನೋಡಿ. ಕ್ರಿಯಾಪದ ಬಂತೆಂದರೆ ಸಾಮಾನ್ಯವಾಗಿ ಮುಗಿಯಿತು. ‘ಬಿಲ್ ತಲುಪಿದೆ. ಆದರೆ ರಸೀದಿ ಲಗತ್ತಿಸಿಲ್ಲ.’ ಚಿಕ್ಕ ಮಾತುಗಳಾದರೆ ನಡುವೆ ಅಲ್ಪವಿರಾಮ ಸಾಕು. ಒಳಗೆ ಆಗಲೇ ಅಲ್ಪವಿರಾಮಗಳಿದ್ದರೆ ಅರ್ಧವಿರಾಮ (;) ಹಾಕಿ: ‘ಬಿಲ್, ಚಲನ್, ಖಾತರಿ ಪತ್ರ ತಲುಪಿವೆ; ಆದರೆ ರಸೀದಿ ಬಂದಿಲ್ಲ.’

ಎರಡನೆಯದು, ‘ಆದರೆ’ ಯಾವ ಕೆಲಸಕ್ಕೆ ಬಂದಿದೆ ಎಂದು ಕೇಳಿಕೊಳ್ಳಿ. ‘ಅರ್ಜಿ ಮಂಜೂರು ಆದರೆ ಹಣ ಬಿಡುಗಡೆ ಇಲ್ಲ’ ಎಂದು ಬರೆದರೆ, ಮಂಜೂರಾದವರಿಗೇ ಹಣವಿಲ್ಲ ಎಂಬ ವಿಚಿತ್ರ ನಿಯಮವಾಗುತ್ತದೆ! ‘ಅರ್ಜಿ ಮಂಜೂರು, ಆದರೆ ಹಣ ಬಿಡುಗಡೆ ಇಲ್ಲ’ ಎಂದಾಗ ಮಾತ್ರ ಅದು ಸುದ್ದಿ. ಷರತ್ತೇ ಹೇಳಬೇಕಿದ್ದರೆ ಕೂಡಿಸಿ ‘ಮಂಜೂರಾದರೆ’ ಎಂದೇ ಬರೆಯಿರಿ, ಗೊಂದಲವೇ ಇರದು.

ಮೂರನೆಯದು, ‘ಆದ್ದರಿಂದ’. ‘ಸಭೆ ರದ್ದಾದ್ದರಿಂದ ಹೊಸ ದಿನಾಂಕ ತಿಳಿಸುತ್ತೇವೆ’ ಎಂಬಲ್ಲಿ ಯಾವ ಚಿಹ್ನೆಯೂ ಬೇಡ. ಸುತ್ತೋಲೆಗಳಲ್ಲಿ ‘ಸದರಿ... ಆಗಿರುವುದರಿಂದ... ಇರುವುದರಿಂದ...’ ಎಂದು ಅರ್ಧ ಪುಟ ಹರಿಯುವ ವಾಕ್ಯಕ್ಕೆ ಅಲ್ಪವಿರಾಮ ಮದ್ದಲ್ಲ. ‘ಆಗಿದೆ’ ಎಂದು ಮುಗಿಸಿ, ಪೂರ್ಣವಿರಾಮ ಹಾಕಿ, ‘ಆದ್ದರಿಂದ’ ಎಂದು ಹೊಸದಾಗಿ ಶುರುಮಾಡಿ. ಓದುವ ಗುಮಾಸ್ತರು ಹರಸುತ್ತಾರೆ.

‘ಏಕೆಂದರೆ’ಗೂ ವಿರಾಮ ಮೊದಲೇ. ಪಟ್ಟಿಯ ಕೊನೆಯ ‘ಮತ್ತು’ವಿಗೆ ಬೇಡ: ‘ಪೆನ್ನು, ಕಾಗದ ಮತ್ತು ಫೈಲು’. ‘ಉದಾಹರಣೆಗೆ’ ಮಾತ್ರ ಬೇರೆ ಜಾತಿ, ಅದರ ಆಮೇಲೆಯೇ ಅಲ್ಪವಿರಾಮ. ವಾಕ್ಯದ ಮೊದಲಿಗೆ ಬರುವ ‘ಅಲ್ಲದೆ’ಗೂ ಹಾಗೇ ಮಾಡುವುದು ಒಳ್ಳೆಯದು. ‘ಅಲ್ಲದೆ ಮ್ಯಾನೇಜರ್ ಸಹಿ ಮಾಡಬೇಕು’ ಎಂದಾಗ ಓದುಗ ಒಂದು ಕ್ಷಣ ತಡವರಿಸುತ್ತಾನೆ. ‘ಅಲ್ಲದೆ, ಮ್ಯಾನೇಜರ್ ಸಹಿ ಮಾಡಬೇಕು’ ಎಂದರೆ ತಡವರಿಸುವುದಿಲ್ಲ.

ಕಳಿಸುವ ಮುನ್ನ ಒಂದು ಕಣ್ಣು ಖಾಲಿ ಜಾಗದ ಮೇಲಿರಲಿ. ಚಿಹ್ನೆ ಹಿಂದಿನ ಪದಕ್ಕೆ ಅಂಟಿರಬೇಕು, ಜಾಗ ಬಿಡುವುದು ಅದರ ನಂತರ. ಮೊಬೈಲ್‌ನಲ್ಲಿ ಬರೆಯುವವರು ‘ತಲುಪಿದೆ ,’ ಎಂದು ಬಿಟ್ಟುಬಿಡುತ್ತಾರೆ. ಆ ಅಲ್ಪವಿರಾಮ ಕೆಲವೊಮ್ಮೆ ಒಂಟಿಯಾಗಿ ಮುಂದಿನ ಸಾಲಿನ ಮೊದಲಿಗೆ ಹೋಗಿ ನಿಲ್ಲುತ್ತದೆ.