ಉದ್ದ ಕಡಿಮೆ ಮಾಡಿ ಫ್ಲಾಶ್‌ಓವರ್ ತಡೆದ ಬಗೆ

40 ಮಿ.ಮೀ. ಉದ್ದದ ಇನ್ಸುಲೇಟರ್ ರಾಡಿನ ಮೇಲೆ 50 ಕೆ.ವಿ. (ಕಿಲೋವೋಲ್ಟ್) ಡಿಸಿ ನಿಲ್ಲಿಸಬೇಕು, ಅದರ ಮೈ ಮೇಲೆ ಕಿಡಿ ಹಾಯಬಾರದು (ಅದೇ ಫ್ಲಾಶ್‌ಓವರ್) ಅಂದಾಗ ಎಲ್ಲರದೂ ಒಂದೇ ಮಾತು: 'ಇನ್ನೂ ಉದ್ದ ಹಾಕ್ರೀ.' ಪೆಟ್ಟಿಗೆಯಲ್ಲಿ ಜಾಗವೇ ಇರಲಿಲ್ಲ. ಈಗ ಬರೀ 32 ಮಿ.ಮೀ. ಮೈ ಮೇಲೆ ನಿಂತಿದೆ, ಮಳೆಗಾಲದಲ್ಲೂ.

ಹೈಲಮ್ (ಬೇಕಲೈಟ್ ಜಾತಿಯ ಹಲಗೆ) 25 ಕೆ.ವಿ. ಆಸುಪಾಸಿಗೇ ಕೈಕೊಟ್ಟಿತು. ಅದು ಒಮ್ಮೆ ಕಪ್ಪಾದರೆ ಎಷ್ಟು ಕೆರೆದರೂ ಇಂಗಾಲದ ಜಾಡು ಉಳಿಯುತ್ತದೆ. ಮುಂದಿನ ಸಲ 10ಕ್ಕೇ ಕಿಡಿ. ಅಕ್ರಿಲಿಕ್ ಅಷ್ಟು ಸುಲಭಕ್ಕೆ ಜಾಡು ಹಿಡಿಯುವುದಿಲ್ಲ, ಆದರೆ ಲೇತ್ ಆದಮೇಲೆ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿದರೆ ಅಂಚೆಲ್ಲ ಕೂದಲೆಳೆ ಬಿರುಕು. ಸೋಪಿನ ನೀರೇ ಸಾಕು. 25 ಮಿ.ಮೀ. ದಪ್ಪದ ಟೆಫ್ಲಾನ್ ರಾಡನ್ನು ಚಪ್ಪಟೆ ತಟ್ಟೆಗಳ ನಡುವೆ ಸುಮ್ಮನೆ ನಿಲ್ಲಿಸಿದಾಗಲೂ 30 ದಾಟಲಿಲ್ಲ.

ತೊಂದರೆ ಇದ್ದದ್ದು ಲೋಹ, ಟೆಫ್ಲಾನ್, ಗಾಳಿ ಮೂರೂ ಕೂಡುವ ಅಂಚಿನಲ್ಲಿ. ದೀಪ ಆರಿಸಿ ನೋಡಿದರೆ ಕೊರೋನ (ಗಾಳಿಯಲ್ಲಿ ಮೂಡುವ ಮಸುಕು ನೇರಳೆ ಹೊಳಪು) ಅಲ್ಲೇ ಮೊದಲು ಕಾಣುತ್ತದೆ. ಆ ಅಂಚನ್ನು ಹಾಗೇ ಬಿಟ್ಟು ಉದ್ದ ಎರಡು ಪಟ್ಟು ಮಾಡಿದರೂ ಕೆ.ವಿ. ಎರಡು ಪಟ್ಟಾಗುವುದಿಲ್ಲ.

ಎರಡೂ ಅಲ್ಯೂಮಿನಿಯಂ ತಟ್ಟೆಗಳಲ್ಲಿ 4 ಮಿ.ಮೀ. ಆಳದ ಗುಳಿ ತೆಗೆಸಿ ರಾಡಿನ ತುದಿ ಅದರೊಳಗೆ ಕೂರಿಸಿದೆ, ಮೂರೂ ಕೂಡುವ ಅಂಚು ಒಳಗೆ ಮರೆಯಾಗಲಿ ಅಂತ. ತಟ್ಟೆಯ ಹೊರ ಅಂಚಿಗೆ 8 ಮಿ.ಮೀ. ರೇಡಿಯಸ್. ಗುಳಿಯ ಬಾಯಿಯೂ ಗುಂಡಗಿರಬೇಕು. ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ರಾಡಿನ ತುದಿಯ ಮುಖಕ್ಕೆ ಸಿಲ್ವರ್ ಪೇಂಟ್, ತಳದ ಸಂದು ಸಾಯಲಿ ಅಂತ. ಟೆಫ್ಲಾನ್ ಪೇಂಟ್ ಹಿಡಿಯುವುದಿಲ್ಲ, 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿಯೇ ಹಚ್ಚಬೇಕು. ಒಂದು ಹನಿ ಪಕ್ಕದ ಮೈಗೆ ಇಳಿದರೂ ಮೊದಲಿಗಿಂತ ಕೆಟ್ಟದ್ದು.

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಹಾಗಾಗಿ ಗಾಳಿ ತಡೆಯುವ ಮಿತಿ ಅಂತ ಪುಸ್ತಕ ಹೇಳುವ 30 ಕೆ.ವಿ./ಸೆಂ.ಮೀ. ಇಲ್ಲಿ 27 ಅಂತಲೇ ಹಿಡಿಯಿರಿ.

ಜೊತೆಗೆ ಮೈಯ ದಾರಿ ಉದ್ದವಾಗಲಿ ಅಂತ ಅಕ್ರಿಲಿಕ್ ರಾಡಿನ ಸುತ್ತ ತೋಡು ಕೊರೆಸಿಯೂ ನೋಡಿದೆ. 1 ಮಿ.ಮೀ. ಅಗಲದ್ದಕ್ಕೆ ತೇವದಲ್ಲಿ ನೀರು ಸೇತುವೆ ಕಟ್ಟುತ್ತದೆ, ದಂಡ, 4 ಮಿ.ಮೀ. ಆದರೆ ಪರವಾಗಿಲ್ಲ. ಸಿಲಿಕೋನ್ ಗ್ರೀಸ್ ಮೇಲೆ ನೀರು ಹನಿಯಾಗಿ ನಿಲ್ಲುವುದೇನೋ ನಿಜ, ಆದರೆ ಡಿಸಿ ಧೂಳೆಳೆದು ಅದಕ್ಕೇ ಮೆತ್ತುತ್ತದೆ.

ಖರ್ಚು ಎಲ್ಲ ಸೇರಿ 2,500 ರೂಪಾಯಿ ಆಸುಪಾಸು. ಅರ್ಧಕ್ಕರ್ಧ ಪೀಣ್ಯದ ಲೇತ್ ಕೂಲಿ.

ಅಳೆಯಲು 100 ಮೆಗಾಓಮ್‌ನ ಹತ್ತು ರೆಸಿಸ್ಟರ್ ಸರಣಿ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ. ಕೆಳಗೆ 50 ಮೈಕ್ರೋಆಂಪಿಯರ್ ಮೀಟರ್, ಮುಳ್ಳು ತುದಿಗೆ ಬಂದರೆ 50 ಕೆ.ವಿ. ಟೆಸ್ಟ್ ಮಾಡುವಾಗ ಸರಣಿಯಲ್ಲಿ 10 ಮೆಗಾಓಮ್ ಇರಲಿ, ಫ್ಲಾಶ್‌ಓವರ್ ಆದರೂ ರಾಡ್ ಸುಡುವುದಿಲ್ಲ. ಸ್ವಿಚ್ ಆರಿಸಿದ ಮೇಲೆ ಮಲ್ಟಿಪ್ಲೈಯರ್‌ನ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಪ್ರತಿ ಕೆಪಾಸಿಟರ್‌ಗೂ ಅರ್ಥ್ ಕೋಲು ತಾಗಿಸದೆ ಕೈ ಹಾಕಬೇಡಿ.